ಹಳೆಯ ಸ್ವೆಟರ್ ಬಿಚ್ಚಿ ಕುಂಚಿಗೆ ಹೆಣೆದದ್ದು

ಜನವರಿಯಲ್ಲಿ ಮಗಳು ಬೆಂಗಳೂರಿನಿಂದ ಫೋನ್ ಮಾಡಿ ಮೂರು ತಿಂಗಳು ತುಂಬಿತು ಎಂದಾಗ ನಾನು ಮೊದಲು ಲೆಕ್ಕ ಹಾಕಿದ್ದು ಮಳೆಯನ್ನು. ಹೆರಿಗೆ ಜುಲೈ ಮಧ್ಯದಲ್ಲಿ, ಎಂದರೆ ಪುನರ್ವಸು ಮಳೆ. ಕೊಪ್ಪದಲ್ಲಿ ಆ ಹೊತ್ತಿಗೆ ಗೋಡೆ ಬೆವರುತ್ತದೆ, ಹಾಸಿಗೆ ಮುಟ್ಟಿದರೆ ತಣ್ಣಗಿರುತ್ತದೆ, ಜಗಲಿಯ ತಂತಿಗೆ ಹಾಕಿದ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ. ಬಾಣಂತನ ನಮ್ಮ ಮನೆಯಲ್ಲಿ. ಮಗುವಿಗೆ ಉಣ್ಣೆಯದ್ದು ಬೇಕೇ ಬೇಕು: ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಒಂದು ಕುಂಚಿಗೆ, ಒಂದು ಕುಲಾವಿ, ಎರಡು ಜೊತೆ ಕಾಲುಚೀಲ.

ನಮ್ಮ ಅತ್ತೆಗೆ ಈಗ 86 ವರ್ಷ. ನಾನು ಶಿವಮೊಗ್ಗಕ್ಕೆ ಹೋಗಿ ನೂಲು ತರುತ್ತೇನೆ ಎಂದಾಗ ಅವರು ಒಪ್ಪಲಿಲ್ಲ. "ಹುಟ್ಟುವ ಮುಂಚೆ ಹೊಸದು ಮಾಡಿ ಇಡಬಾರದು. ಹಳೆಯದೇನಾದರೂ ಇದೆಯೇ ನೋಡು" ಎಂದರು. ಇದನ್ನು ಬರಿಯ ನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನೂರು ಸಲ ಒಗೆದು ಸವೆದ ಪಂಚೆಯಷ್ಟು ಮೆತ್ತಗಿನ ಬಟ್ಟೆಯನ್ನು ಯಾವ ಅಂಗಡಿಯವರೂ ಕೊಡಲಾರರು. ನಮ್ಮಲ್ಲಿ ಹಸುಗೂಸಿಗೆ ಮೊದಲು ಸುತ್ತುವುದು ಹಳೆಯ ಬಟ್ಟೆಯನ್ನೇ. ನೂಲಿಗೂ ಅದೇ ಮಾತು ಏಕೆ ಸಲ್ಲಬಾರದು ಎಂದುಕೊಂಡು ಅಟ್ಟದ ಟ್ರಂಕ್ ಇಳಿಸಿದೆ.

ಅದರ ತಳದಲ್ಲಿ ನಾನು 1989ರಲ್ಲಿ ನಮ್ಮ ಮನೆಯವರಿಗೆ ಹೆಣೆದಿದ್ದ ಮೆಂತ್ಯದ ಬಣ್ಣದ ಸ್ವೆಟರ್ ಇತ್ತು. ಎರಡೂ ಮೊಣಕೈ ಸವೆದು ಜಾಳಾಗಿತ್ತು, ಬಗಲಿನ ಹತ್ತಿರ ನುಸಿ ತಿಂದ ನಾಲ್ಕು ತೂತುಗಳಿದ್ದವು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 430 ಗ್ರಾಂ. "ಬಿಚ್ಚಲೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, "ತೋಳು ನಾನೇ ಬಿಚ್ಚುತ್ತೇನೆ, ಕೊಡು" ಎಂದರು.

ಫೆಬ್ರವರಿ: ವಾಸನೆಯ ಕೆಲಸ

ಬಿಚ್ಚುವ ಮೊದಲು ಒಂದು ದೊಡ್ಡ ಕೆಲಸವಿತ್ತು. ಟ್ರಂಕಿನ ತುಂಬ ನುಸಿಗುಳಿಗೆಯ ವಾಸನೆ. ಮಗಳಿಗೆ ವಿಷಯ ಹೇಳಿದಾಗ ಅವಳು ತನ್ನ ವೈದ್ಯರನ್ನು ಕೇಳಿದಳು. ಅವರು ಹೇಳಿದ್ದನ್ನು ನಾನು ಇಲ್ಲಿ ಒತ್ತಿ ಬರೆಯುತ್ತೇನೆ, ಏಕೆಂದರೆ ಮಗುವಿನ ಬಟ್ಟೆ, ಕಂಬಳಿ, ರಗ್ಗುಗಳನ್ನು ನುಸಿಗುಳಿಗೆ ಹಾಕಿಟ್ಟ ಟ್ರಂಕಿನಿಂದಲೇ ತೆಗೆಯುವ ಮನೆಗಳು ನಮ್ಮಲ್ಲಿ ಬಹಳ ಇವೆ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಮೈಗೆ ಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ಹಾಕುತ್ತದೆ, ಕಾಮಾಲೆ ವಿಪರೀತಕ್ಕೆ ಹೋಗಬಹುದು. ಕೊರತೆ ಇದೆಯೋ ಇಲ್ಲವೋ ಎನ್ನುವುದು ರಕ್ತ ಪರೀಕ್ಷೆ ಮಾಡದ ಹೊರತು ತಿಳಿಯುವುದಿಲ್ಲ. ಎಣ್ಣೆ ಹಚ್ಚಿದ ಮೈಗೆ ಇದು ಇನ್ನೂ ಸುಲಭವಾಗಿ ಇಳಿಯುತ್ತದೆ. ನಮ್ಮ ಮಕ್ಕಳಿಗೆ ದಿನವೂ ಎಣ್ಣೆ ನೀರು ಹಾಕುವವರು ನಾವು.

ಅದೃಷ್ಟಕ್ಕೆ ಈ ಗುಳಿಗೆಯ ಗುಣವೇ ಗಾಳಿಗೆ ಆರಿಹೋಗುವುದು. ಟ್ರಂಕಿನಲ್ಲಿ ಅದು ಸವೆದು ಸಣ್ಣದಾಗುವುದು ಅದಕ್ಕಾಗಿಯೇ. ಫೆಬ್ರವರಿಯ ಒಣ ಬಿಸಿಲು ಕೈಯಲ್ಲಿತ್ತು. ಸ್ವೆಟರನ್ನು ಅಂಗಳದ ಹಗ್ಗಕ್ಕೆ ಹಾಕಿದೆ, ರಾತ್ರಿ ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ಹತ್ತು ದಿನಕ್ಕೆ ವಾಸನೆ ಅರ್ಧವಾಯಿತು. ಇಪ್ಪತ್ತು ದಿನಕ್ಕೆ ಮೂಗು ಹತ್ತಿರ ತಂದರೆ ಮಾತ್ರ ಬರುತ್ತಿತ್ತು. ಪೂರ್ತಿ ಹೋದದ್ದು ಮುಂದೆ ಬಿಚ್ಚಿ, ಒಗೆದು, ಲಡಿ ಲಡಿಯಾಗಿ ಇನ್ನೂ ಎರಡು ವಾರ ಗಾಳಿಗೆ ಹಾಕಿದ ಮೇಲೆ. ಮುಗಿಯಿತೋ ಇಲ್ಲವೋ ಎಂದು ನೋಡುವುದಕ್ಕೆ ನೂಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆರೆದು ಮೂಸುತ್ತಿದ್ದೆ. ಮೂರು ಬೆಳಿಗ್ಗೆ ಏನೂ ಬಾರದ ಮೇಲೆಯೇ ನೂಲು ಮಗುವಿಗೆ ಸಲ್ಲುತ್ತದೆ ಎಂದು ನಂಬಿದ್ದು.

ಈಗ ಟ್ರಂಕಿನಲ್ಲಿ ಗುಳಿಗೆ ಇಲ್ಲ. ಒಗೆದು ಪೂರ್ತಿ ಒಣಗಿಸಿದ ಉಣ್ಣೆಯನ್ನು ಬಾಯಿ ಬಿಗಿದ ಚೀಲದಲ್ಲಿಟ್ಟು, ತಿಂಗಳಿಗೊಮ್ಮೆ ಕೊಡವಿ ಬಿಸಿಲು ತೋರಿಸುತ್ತೇನೆ. ನುಸಿಯ ಹುಳ ಬರುವುದು ಬೆವರು, ಎಣ್ಣೆಯ ಕಲೆಯಿರುವ ಉಣ್ಣೆಗೇ ಹೆಚ್ಚು.

ಸುಟ್ಟು ನೋಡಿದ್ದು

ಅಂಗಡಿಯಲ್ಲಿ ಬೇಬಿ ವುಲ್ ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್. ಒಗೆಯಲು ಸುಲಭ, ಮೆತ್ತಗೂ ಇರುತ್ತದೆ. ಬೇರೆ ಊರಿನಲ್ಲಾದರೆ ನಾನು ಅದನ್ನು ಬೇಡ ಎನ್ನುತ್ತಿರಲಿಲ್ಲ. ಆದರೆ ನಮ್ಮ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರುತ್ತದೆ, ಕೆಂಡದ ಮೇಲೆ ಸಾಂಬ್ರಾಣಿ ಇರುತ್ತದೆ. ಅಕ್ರಿಲಿಕ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕುರಿಯ ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಬೆಂಕಿಯಿಂದ ಆಚೆ ತೆಗೆದ ಕೂಡಲೇ ಆರುತ್ತದೆ. ಇನ್ನೊಂದು ಗುಣ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದಂಥದ್ದು: ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ.

ಸ್ವೆಟರಿನ ಬೇರೆ ಬೇರೆ ಕಡೆಯಿಂದ ಗೇಣುದ್ದದ ಎಳೆ ತೆಗೆದು ಇಕ್ಕುಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಮೈಯ ನೂಲು ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹೊಸಕಿದರೆ ಪುಡಿಯಾಯಿತು. ಅದು ಉಣ್ಣೆಯೇ. ಸೊಂಟದ ಬಾರ್ಡರಿನ ನೂಲು ಮಾತ್ರ ಪ್ಲಾಸ್ಟಿಕ್ ವಾಸನೆ ಬಂದು ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಯಿತು. ಆಗ ನೆನಪಾಯಿತು, 1989ರಲ್ಲಿ ನೂಲು ಸಾಲದೆ ಬಾರ್ಡರಿಗೆ ಬೇರೆ ಅಂಗಡಿಯದ್ದು ತಂದಿದ್ದೆ. ಬಣ್ಣ ಒಂದೇ ಇದ್ದುದರಿಂದ ಇಷ್ಟು ವರ್ಷ ಮರೆತೇ ಹೋಗಿತ್ತು. ಬಾರ್ಡರನ್ನು ಬೇರೆ ತೆಗೆದಿಟ್ಟೆ.

ಮಾರ್ಚ್: ಬಿಚ್ಚಿದ್ದು, ಒಗೆದದ್ದು, ಒಂದು ಲಡಿ ಕೆಡಿಸಿದ್ದು

ಎಲ್ಲ ಸ್ವೆಟರನ್ನೂ ಬಿಚ್ಚಿ ನೂಲು ಮಾಡಲು ಬರುವುದಿಲ್ಲ. ಪಕ್ಕದ ಹೊಲಿಗೆಯನ್ನು ಒಳಗಿನಿಂದ ನೋಡಬೇಕು. ಅಂಚು ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಬಿಚ್ಚಿದಾಗ ಸಾಲಿಗೊಂದು ತುಂಡು ಬರುತ್ತದೆ, ಅದು ಯಾವುದಕ್ಕೂ ಬಾರದು. ಕೈಯಲ್ಲಿ ಹೆಣೆದದ್ದರಲ್ಲಿ ಅಂಚು ಇಡಿಯಾಗಿರುತ್ತದೆ, ಸಾಲಿನಿಂದ ಸಾಲಿಗೆ ನೂಲು ತಿರುಗಿ ಹೋಗಿರುತ್ತದೆ. ಮೊದಲು ಪಕ್ಕ, ತೋಳು, ಹೆಗಲಿನ ಹೊಲಿಗೆ ಬಿಡಿಸಿ ನಾಲ್ಕು ಭಾಗ ಮಾಡಿಕೊಂಡೆವು. ಕೆಳಗಿನಿಂದ ಮೇಲಕ್ಕೆ ಹೆಣೆದದ್ದನ್ನು ಮೇಲಿನಿಂದ, ಕುಣಿಕೆ ಮುಚ್ಚಿದ ತುದಿಯಿಂದಲೇ ಬಿಚ್ಚಬೇಕು. ಕೆಳಗಿನಿಂದ ಎಳೆದರೆ ಪ್ರತಿ ಸಾಲಿನಲ್ಲೂ ಸಿಕ್ಕಾಗುತ್ತದೆ.

ನಮ್ಮ ಮನೆಯವರು ಎರಡೂ ಕೈ ಮುಂದೆ ಚಾಚಿ ಕುಳಿತರು, ನಾನು ಬಿಚ್ಚುತ್ತಾ ಅವರ ಕೈಗಳ ಸುತ್ತ ಸುತ್ತಿದೆ. 36 ವರ್ಷ ಒಂದೇ ರೂಪದಲ್ಲಿದ್ದ ನೂಲು ಶ್ಯಾವಿಗೆಯಂತೆ ಗುಂಗುರು ಗುಂಗುರಾಗಿ ಬರುತ್ತಿತ್ತು. ಬೆನ್ನಿನ ಭಾಗ ಹೊಚ್ಚ ಹೊಸದರಂತಿತ್ತು. ಮೊಣಕೈಯ ಹತ್ತಿರ ಬಂದಾಗ ಎಳೆ ಅರ್ಧಕ್ಕೆ ತೆಳುವಾಗಿ, ಕೈಯಲ್ಲಿ ಹಿಡಿದರೇ ತುಂಡಾಗುತ್ತಿತ್ತು. ಅದನ್ನು ಇಟ್ಟುಕೊಳ್ಳಲಿಲ್ಲ. ಬಾರ್ಡರ್, ಮೊಣಕೈ, ನುಸಿ ತಿಂದ ಜಾಗ ಎಲ್ಲ ಕಳೆದು 320 ಗ್ರಾಂ ಉಳಿಯಿತು.

ಲಡಿಯನ್ನು ನಾಲ್ಕು ಕಡೆ ಬಿಳಿಯ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಅಂಟುವಾಳ ಕಿವುಚಿದ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿದೆ. ತಿಕ್ಕಬಾರದು, ಹಿಂಡಬಾರದು. ಮೇಲಿನಿಂದ ಅಂಗೈಯಲ್ಲಿ ಒತ್ತಿ, ಅದೇ ಬಿಸಿಯ ನೀರಿನಲ್ಲಿ ಜಾಲಿಸಿ, ಟವೆಲಿನಲ್ಲಿ ಸುತ್ತಿ ತುಳಿದು ನೀರು ತೆಗೆದು, ನೆರಳಿನಲ್ಲಿ ನೇತುಹಾಕಬೇಕು. ಲಡಿಯ ಕೆಳಗೆ ಒಂದು ಸಣ್ಣ ತಂಬಿಗೆ ಕಟ್ಟಿದರೆ ಗುಂಗುರು ಬಿಡುತ್ತದೆ.

ಇಷ್ಟು ಗೊತ್ತಿದ್ದೂ ಮೂರನೆಯ ಲಡಿಯನ್ನು ನಾನೇ ಕೆಡಿಸಿದೆ. ಅಂದು ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುವಷ್ಟು ಕಾದಿತ್ತು. ಅವಸರದಲ್ಲಿ ಹದ ನೋಡದೆ ಬಕೆಟ್ಟಿಗೆ ತೋಡಿಕೊಂಡು ನೂಲು ಮುಳುಗಿಸಿದೆ, ಆಮೇಲೆ ಬಿಸಿ ಹೆಚ್ಚಾಯಿತೆಂದು ತೊಟ್ಟಿಯ ತಣ್ಣೀರು ಸುರಿದು ಕೈಯಾಡಿಸಿದೆ. ಐದು ನಿಮಿಷದಲ್ಲಿ ಎಳೆ ಎಳೆ ಒಂದಕ್ಕೊಂದು ಹಿಡಿದುಕೊಂಡು ಜಡೆಗಟ್ಟಿದ ಕೂದಲಿನಂತಾಯಿತು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹೊಪ್ಪೆಯಂಥ ಪದರಗಳಿವೆ. ಬಿಸಿ, ತೇವ, ಉಜ್ಜಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಹಾಕಿಕೊಂಡ ಮೇಲೆ ಬಿಡಿಸಲು ಬ್ರಹ್ಮನಿಂದಲೂ ಆಗದು. 55 ಗ್ರಾಂ ಹೋಯಿತು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಅದೇ ಗುಣವನ್ನು ಮುಂದೆ ನೂಲು ಸೇರಿಸಲು ಬಳಸಿಕೊಂಡೆ. ಹಳೆಯ ನೂಲು ಅಲ್ಲಲ್ಲಿ ತುಂಡಾಗುವುದು ಖಂಡಿತ, ಆದರೆ ಮಗುವಿನ ಬಟ್ಟೆಯಲ್ಲಿ ಗಂಟು ಒತ್ತಬಾರದು. ಹಾಗಾಗಿ ಎರಡೂ ತುದಿಗಳನ್ನು ಎರಡು ಇಂಚಿನಷ್ಟು ಬಿಡಿಸಿ, ನಾಲ್ಕರಲ್ಲಿ ಎರಡೆರಡು ಎಳೆ ಕತ್ತರಿಸಿ, ಉಳಿದ ಎಳೆಗಳನ್ನು ಒಂದರ ಮೇಲೊಂದು ಎದುರುಬದುರು ಇಟ್ಟು, ಬಿಸಿನೀರು ತಾಗಿಸಿ ಎರಡು ಅಂಗೈಗಳ ನಡುವೆ ಬತ್ತಿ ಹೊಸೆದಂತೆ ಹೊಸೆಯಬೇಕು. ಅಂಗೈ ಬಿಸಿಯಾಗುವಷ್ಟು ಹೊತ್ತಿಗೆ ಅದು ಒಂದೇ ನೂಲಾಗುತ್ತದೆ. ಎಳೆದರೂ ಬಿಡುವುದಿಲ್ಲ, ಬೆರಳಿಗೆ ಉಬ್ಬು ಸಿಗುವುದಿಲ್ಲ. ಹೀಗೆ ಹನ್ನೊಂದು ಕಡೆ ಸೇರಿಸಿದ್ದೇನೆ. ಎಲ್ಲಿ ಎಂದು ಈಗ ನನಗೇ ಹುಡುಕಲಾಗದು.

ಏಪ್ರಿಲ್: ಕುಲಾವಿ, ಎರಡು ಸಲ

ಹಸುಗೂಸಿನ ತಲೆಯ ಸುತ್ತಳತೆ ಸುಮಾರು 33ರಿಂದ 35 ಸೆಂಟಿಮೀಟರ್. ಕುಲಾವಿ ಅದಕ್ಕಿಂತ ಕಡಿಮೆಯಿರಬೇಕು, ಹಿಗ್ಗಿ ಕೂರಬೇಕು. ಹತ್ತನೆಯ ನಂಬರಿನ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 28 ಕುಣಿಕೆ ಬರುತ್ತದೆ, ಹಾಗಾಗಿ 30 ಸೆಂಟಿಮೀಟರಿಗೆ 84. ಎರಡು ಸೀದಾ ಎರಡು ಉಲ್ಟಾ ಎಂದು ಬಾರ್ಡರ್ ಎತ್ತಿ, ಆಮೇಲೆ ಸೀದಾ ಮೈ. ಹತ್ತು ಸೆಂಟಿಮೀಟರ್ ಆದ ಮೇಲೆ 84ನ್ನು ಹನ್ನೆರಡರಂತೆ ಏಳು ಪಾಲು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಪ್ರತಿ ಪಾಲಿಗೆ ಒಂದು ಜೋಡಿಯನ್ನು ಒಂದಾಗಿ ಸೇರಿಸಿ ಹೆಣೆದರೆ ನೆತ್ತಿ ಗುಂಡಗೆ ಮುಚ್ಚುತ್ತದೆ. 14 ಉಳಿದಾಗ ನೂಲು ಪೋಣಿಸಿ ಬಿಗಿದರಾಯಿತು.

ಮೊದಲನೆಯದು ಹಾಳಾದದ್ದು ಅಳತೆಯ ತಪ್ಪಿನಿಂದಲ್ಲ. ಒಂದು ಉಂಡೆಯನ್ನು ಒಗೆಯುವ ಮೊದಲೇ, ಗುಂಗುರು ಇದ್ದಂತೆಯೇ ಅಳತೆಯ ಚೌಕ ಹೆಣೆದು ನೋಡಿದ್ದೆ. ಕುಲಾವಿಯನ್ನೂ ಅದರಲ್ಲೇ ಹೆಣೆದೆ. ಒಗೆದು ಒಣಗಿಸಿದಾಗ ಒಳಗೆ ಸುರುಳಿಗೊಂಡಿದ್ದ ನೂಲು ಬಿಟ್ಟುಕೊಂಡು 30 ಇದ್ದದ್ದು 35 ಆಯಿತು. ಅದನ್ನು ಹಾಕಿದರೆ ಮಗುವಿನ ಮೂಗಿನವರೆಗೆ ಜಾರುತ್ತಿತ್ತು. ಕಣ್ಣು ಮೂಗು ಮುಚ್ಚುವ ಟೋಪಿ ಮಗುವಿಗೆ ಅಪಾಯ. ಬಿಚ್ಚಿ, ಲಡಿ ಮಾಡಿ, ಒಗೆದು, ಮತ್ತೆ ಹೆಣೆದೆ. ಈಗಿನದು ಸರಿಯಾಗಿ 30.

ಮೇ, ಜೂನ್: ಕುಂಚಿಗೆ

ಸೀಮಂತ ಮುಗಿಸಿ ಮಗಳು ಮನೆಗೆ ಬಂದಳು. ಕುಂಚಿಗೆಗೆ ನನ್ನ ಹತ್ತಿರ ಮಾದರಿ ಇರಲಿಲ್ಲ. ನನ್ನ ಕಾಲದಲ್ಲಿ ಬಟ್ಟೆಯ ಕುಂಚಿಗೆ ಹೊಲಿಯುತ್ತಿದ್ದೆವು, ಕಡ್ಡಿಯಲ್ಲಿ ಹೆಣೆದವರನ್ನು ನಾನು ಕಂಡಿಲ್ಲ. ಅತ್ತೆ ಒಳಗಿನಿಂದ ತಮ್ಮ ಹಳೆಯ ಕರಿ ಕಂಬಳಿ ತರಿಸಿ, ಮಡಿಲಲ್ಲಿ ಹರಡಿ, ಕೊಪ್ಪೆ ಮಾಡಿ ತೋರಿಸಿದರು. ಗದ್ದೆ ನೆಟ್ಟಿಗೆ ಹೋಗುವವರು ಮಳೆಗೆ ತಲೆಯ ಮೇಲಿಂದ ಹೊದ್ದುಕೊಳ್ಳುವ ಕಂಬಳಿಕೊಪ್ಪೆ: ಒಂದು ತುದಿ ಮಡಚಿ ಸೇರಿಸಿದರೆ ತಲೆಗೆ ಗೂಡು, ಉಳಿದದ್ದು ಬೆನ್ನಿನ ಮೇಲೆ ಇಳಿಬಿದ್ದು ನೀರು ಜಾರಿಸುತ್ತದೆ. "ಇದನ್ನೇ ಚಿಕ್ಕದು ಮಾಡು" ಎಂದರು. ಚಳ್ಳಕೆರೆ, ಮೇಡ್ಲೇರಿ ಕಡೆ ನೇಯುವ ಆ ಡೆಕ್ಕನಿ ಕುರಿಯ ಉಣ್ಣೆ ದಪ್ಪ, ಒರಟು. ಮಗುವಿನ ಮೈಗೆ ಅದು ಸಲ್ಲದು. ಆದರೆ ಅದರ ಆಕಾರಕ್ಕಿಂತ ಒಳ್ಳೆಯ ಮಾದರಿ ನನಗೆ ಇನ್ನೆಲ್ಲೂ ಸಿಗುತ್ತಿರಲಿಲ್ಲ.

ಒಂಬತ್ತನೆಯ ನಂಬರಿನ ಕಡ್ಡಿ, ಎಲ್ಲ ಸಾಲೂ ಸೀದಾ. ಹೀಗೆ ಹೆಣೆದರೆ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ, ಅಂಚು ಸುರುಳುವುದಿಲ್ಲ, ದಪ್ಪಗೆ ಬೆಚ್ಚಗಿರುತ್ತದೆ. 10 ಸೆಂಟಿಮೀಟರಿಗೆ 24 ಕುಣಿಕೆ, 48 ಸಾಲು. 76 ಕುಣಿಕೆ ಹಾಕಿಕೊಂಡು 76 ಸಾಲು, ಅದು ತಲೆಯ ಗೂಡು. ಮುಂದಿನ ಸಾಲಿನಲ್ಲಿ ಎರಡು ಹೆಣೆದು, ನಂತರದ ಎರಡನ್ನು ಒಂದಾಗಿ ಸೇರಿಸುತ್ತಾ ಹೋದರೆ 57 ಆಗುತ್ತದೆ, ಅದು ಕುತ್ತಿಗೆ. ಅಲ್ಲಿ ಆರು ಸಾಲು. ಆಮೇಲೆ ಪ್ರತಿಯೊಂದು ಕುಣಿಕೆಯನ್ನೂ ಎರಡು ಮಾಡಿ 114. ಅಲ್ಲಿಂದ ನೇರ 144 ಸಾಲು, ಬೆನ್ನಿನ ಇಳಿಬೀಳು. ಕೊನೆಗೆ ಶುರುವಿನ 76ರ ಅಂಚನ್ನು ಅರ್ಧಕ್ಕೆ ಮಡಚಿ, ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಗೂಡು ನಿಲ್ಲುತ್ತದೆ. 114ರ ಸಾಲುಗಳು ಉದ್ದ, ಒಂದಕ್ಕೆ ನಾಲ್ಕೈದು ನಿಮಿಷ. ಸಂಜೆ ಮಗಳ ಕಾಲು ನನ್ನ ತೊಡೆಯ ಮೇಲೆ, ಕಡ್ಡಿ ಕೈಯಲ್ಲಿ, ಹೊರಗೆ ಆರಿದ್ರಾ ಮಳೆ. ದಿನಕ್ಕೆ ಹತ್ತು ಸಾಲಿನಂತೆ ಜೂನ್ ಕೊನೆಗೆ ಮುಗಿಯಿತು. ನೂಲು 98 ಗ್ರಾಂ ಹಿಡಿಯಿತು.

ನೇತುಹಾಕಿ ಒಣಗಿಸಿದ್ದಕ್ಕೆ ಇಳಿಬೀಳು 30ರಿಂದ 33 ಸೆಂಟಿಮೀಟರಿಗೆ ಜಗ್ಗಿತು. ಈ ಹೆಣಿಗೆ ತನ್ನ ಭಾರಕ್ಕೆ ಉದ್ದವಾಗುತ್ತದೆ, ಮಲಗಿಸಿ ಒಣಗಿಸಬೇಕಿತ್ತು. ಕಾಲು ಮುಚ್ಚಲಿ ಎಂದು ಹಾಗೇ ಬಿಟ್ಟೆ.

ಅರ್ಧ ದಿನ ಅದನ್ನು ನನ್ನ ಕುತ್ತಿಗೆಗೆ ಸುತ್ತಿಕೊಂಡು ನೋಡಿದೆ. ನನ್ನ ಚರ್ಮಕ್ಕೇ ಸ್ವಲ್ಪ ಚುಚ್ಚಿತು. ಆದ್ದರಿಂದ ಒಳಗೆ ಅಸ್ತರಿ ಬೇಕಾಯಿತು. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯ ಸೆರಗಿನ ಕಡೆಯದನ್ನು ಹರಿದು ಕೊಟ್ಟು, ಗೂಡಿನ ಒಳಗಿನ ಹೊಲಿಗೆಯನ್ನು ತಾವೇ ಹಾಕಿದರು. ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ನನ್ನ ಕೆಲಸ. ಒಂದು ಹೊಲಿಗೆಗೂ ಇನ್ನೊಂದಕ್ಕೂ ಅಕ್ಕಿಕಾಳಿನಷ್ಟೇ ಅಂತರ.

ಕುತ್ತಿಗೆಗೆ ಲಾಡಿ ಕಟ್ಟುವುದು ವಾಡಿಕೆ. ಮಗಳು ಬೇಡವೇ ಬೇಡ ಎಂದಳು. ಮಗುವಿನ ಕುತ್ತಿಗೆಯ ಬಳಿ ದಾರ, ಲಾಡಿ ಏನೂ ಇರಬಾರದು, ಬಿಗಿಯುವ ಅಪಾಯ. ಅವಳ ಮಾತು ಸರಿ. ಬದಲಿಗೆ ಗಲ್ಲದ ಕೆಳಗೆ ಒಂದರ ಮೇಲೊಂದು ಬರುವ ಪಟ್ಟಿ ಹೆಣೆದು ಒಂದು ಚಪ್ಪಟೆ ಗುಂಡಿ ಸಾಕು ಎಂದಾಯಿತು. ಗುಂಡಿಯನ್ನು ಗಾಂಧಿ ಬಜಾರಿನಿಂದ ತರಿಸಿದೆವು. ಅದು ಹೊಸದು. "ಅದೊಂದನ್ನು ಈಗ ಹಚ್ಚಬೇಡ, ಮಗು ಬರಲಿ" ಎಂದರು ಅತ್ತೆ. ಕಾಗದದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟೆ.

ಕಾಲುಚೀಲಗಳು ಎರಡು ದಿನದ ಕೆಲಸ, 40 ಕುಣಿಕೆಯ ಸಾದಾ ಚೀಲ. ಒಂದೇ ಎಚ್ಚರಿಕೆ: ತೊಡಿಸುವ ಮೊದಲು ಪ್ರತಿ ಸಲ ಒಳಗನ್ನು ಹೊರಗೆ ತಿರುಗಿಸಿ ಸಡಿಲ ಎಳೆ ಇದೆಯೇ ನೋಡಬೇಕು. ಒಂದೇ ಒಂದು ಎಳೆ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಊದುತ್ತದೆ. ಜಾಲರಿಯಂಥ ತೂತಿನ ವಿನ್ಯಾಸವನ್ನು ನಾನು ಯಾವುದರಲ್ಲೂ ಹಾಕದಿದ್ದುದು ಅದಕ್ಕೇ. ನೋಡಲು ಚೆಂದ, ಆದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಜುಲೈ

ಎರಡನೆಯ ವಾರ, ರಾತ್ರಿ ಎರಡೂವರೆಗೆ ಶಿವಮೊಗ್ಗದ ಆಸ್ಪತ್ರೆಯಿಂದ ಅಳಿಯನ ಫೋನ್ ಬಂತು. ಹೆಣ್ಣು ಮಗು, ಇಬ್ಬರೂ ಆರೋಗ್ಯ. ಅತ್ತೆಯನ್ನು ಎಬ್ಬಿಸಿ ಹೇಳಿದೆ. ಅವರು ಎದ್ದು ಕುಳಿತು ಮೊದಲು ಕೇಳಿದ್ದು "ಗುಂಡಿ ಎಲ್ಲಿ?" ಎಂದು. ಆಗಲೇ ಜೋಡಿ ದಾರದಲ್ಲಿ, ಹಿಂದುಗಡೆ ಬಟ್ಟೆಯ ತುಂಡು ಕೊಟ್ಟು, ಎಂಟು ಸಲ ಹಾಯಿಸಿ ಗಟ್ಟಿ ಮಾಡಿದೆ. ಬೆರಳು ಸಿಕ್ಕಿಸಿ ಜೋರಾಗಿ ಎಳೆದರೂ ಅಲುಗಲಿಲ್ಲ.

ತಲೆಯ ಸುತ್ತಳತೆ 34. ಕುಲಾವಿ ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂತಿತು. ನಾಲ್ಕನೆಯ ದಿನ ತೀರ್ಥಹಳ್ಳಿ ದಾಟಿ ಬರುವಾಗ ಧಾರಾಕಾರ ಮಳೆ. ಕಾರಿನಿಂದ ಜಗಲಿಗೆ ಹತ್ತು ಹೆಜ್ಜೆ, ಆ ಹತ್ತು ಹೆಜ್ಜೆಗೆ ಕುಂಚಿಗೆ ಮೊದಲ ಸಲ ಮಳೆ ಕಂಡಿತು. ಮೇಲೆ ಹನಿಗಳು ಮುತ್ತಿನಂತೆ ನಿಂತಿದ್ದವು, ಒಳಗಿನ ಸೀರೆಯ ಬಟ್ಟೆ ಒಣಗಿಯೇ ಇತ್ತು. ನಮ್ಮ ಮನೆಯವರು ಹನಿ ಕೊಡವಲು ಹೋದವರು ಕೈ ಹಾಗೇ ಅದರ ಮೇಲೆ ಇಟ್ಟುಕೊಂಡು ನಿಂತರು.

ಮಲಗಿಸುವಾಗ ಕುಲಾವಿ, ಕುಂಚಿಗೆ ಎರಡನ್ನೂ ತೆಗೆಯುತ್ತೇವೆ. ನಿದ್ದೆಯಲ್ಲಿ ತಲೆ ಮುಚ್ಚಿದರೆ ಮೈ ಅತಿಯಾಗಿ ಕಾಯುತ್ತದೆ, ಮುಖದ ಮೇಲೆ ಜಾರಿದರೆ ಉಸಿರಿಗೆ ತೊಂದರೆ, ತೊಟ್ಟಿಲಿನಲ್ಲಿ ಸಡಿಲ ಹೊದಿಕೆ ಬೇಡ ಎಂದು ವೈದ್ಯರು ಹೇಳಿದ್ದಾರೆ. ಅತ್ತೆಗೆ ಇದನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಈಗ ಮಗು ಕಣ್ಣು ಮುಚ್ಚಿದ ಕೂಡಲೇ ಅವರೇ ಕೂಗುತ್ತಾರೆ, "ಟೋಪಿ ತೆಗೆಯಿರಿ."

ಮಗುವಿಗೆ ಈಗ ಐದು ವಾರ. ಕುಂಚಿಗೆಯನ್ನು ನಾಲ್ಕು ಸಲ ಒಗೆದಿದ್ದೇನೆ. ಬಚ್ಚಲೊಲೆಯ ಹಿಂದಿನ ಮಂಚದ ಮೇಲೆ ಮಲಗಿಸಿ ಒಣಗಿಸಲು ಒಂದೂವರೆ ದಿನ ಬೇಕು, ಕುಲಾವಿಗೆ ಒಂದು ದಿನ. ಒಂದು ಒಣಗುವವರೆಗೆ ಇನ್ನೊಂದು ಇರಲಿ ಎಂದು ಉಳಿದ ನೂಲಿನಲ್ಲಿ ಎರಡನೆಯ ಕುಲಾವಿಗೆ ನಿನ್ನೆ 98 ಕುಣಿಕೆ ಹಾಕಿಕೊಂಡಿದ್ದೇನೆ, ಚಳಿಗಾಲಕ್ಕೆ ಆಗುವಂತೆ 35 ಸೆಂಟಿಮೀಟರ್. ಕೆಟ್ಟು ಜಡೆಗಟ್ಟಿದ ಆ 55 ಗ್ರಾಂ ಲಡಿಯನ್ನು ಕತ್ತರಿಸಿ, ಬಟ್ಟೆಯ ನಡುವೆ ಇಟ್ಟು ಹೊಲಿದು, ಅಗ್ಗಿಷ್ಟಿಕೆ ಎತ್ತುವ ಕೈಹಿಡಿ ಮಾಡಿದೆವು. ದಿನಕ್ಕೆರಡು ಸಲ ಕೈಗೆ ಬರುತ್ತದೆ.